160 ಅಡಿಯ ಲೆಕ್ಕ: ಟೆನ್ನೆಸ್ಸೀ ಆಫೆನ್ಸ್ ಎದ್ದು ನಿಂತ ಬಗೆ

2020ರಲ್ಲಿ ಟೆನ್ನೆಸ್ಸೀ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ಪಂದ್ಯವೊಂದಕ್ಕೆ ಸರಾಸರಿ 21.5 ಅಂಕ ಗಳಿಸಿತ್ತು. ಮೂರು ಗೆಲುವು, ಏಳು ಸೋಲು. ಮರುವರ್ಷ ಆ ಸರಾಸರಿ 39.3ಕ್ಕೆ ಏರಿತು. 2022ರಲ್ಲಿ 46.1, ಅಂದರೆ ಇಡೀ ದೇಶಕ್ಕೇ ಮೊದಲು. ತರಬೇತುದಾರರು ಬದಲಾದರೆ ತಂಡ ಸುಧಾರಿಸುವುದು ಹೊಸದೇನಲ್ಲ. ಇಲ್ಲಿ ಕುತೂಹಲ ಹುಟ್ಟಿಸುವ ಸಂಗತಿ ಬೇರೆ: 2020 ಮತ್ತು 2021ರ ಋತುಗಳ ನಡುವೆ ತಂಡದ ಹೆಸರಾಂತ ಆಟಗಾರರಲ್ಲಿ ಎಷ್ಟೋ ಜನ ಬಿಟ್ಟು ಹೋಗಿದ್ದರು. ರನ್ನಿಂಗ್ ಬ್ಯಾಕ್ ಎರಿಕ್ ಗ್ರೇ ಓಕ್ಲಹೋಮಾಕ್ಕೆ, ಟೈ ಚಾಂಡ್ಲರ್ ನಾರ್ತ್ ಕೆರೊಲೈನಾಕ್ಕೆ, ಆಫೆನ್ಸಿವ್ ಲೈನ್‌ನ ವಾನ್ಯಾ ಮಾರಿಸ್ ಕೂಡ ಓಕ್ಲಹೋಮಾಕ್ಕೆ. ಮನೆ ಅರ್ಧ ಖಾಲಿಯಾದ ಮೇಲೆ ಅಂಕ ಹೆಚ್ಚುಕಡಿಮೆ ದುಪ್ಪಟ್ಟಾಯಿತು.

ಮೊದಲೇ ಒಂದು ಮಾತು ಹೇಳಿಬಿಡಬೇಕು. 2020 ಕೋವಿಡ್ ವರ್ಷ, ಆಡಿದ ಹತ್ತೂ ಪಂದ್ಯ ಎಸ್‌ಇಸಿ ಎಂಬ ಅತ್ಯಂತ ಬಿಗಿಯಾದ ಒಕ್ಕೂಟದೊಳಗಿನವು. 2021ರ ಹದಿಮೂರರಲ್ಲಿ ಬೌಲಿಂಗ್ ಗ್ರೀನ್, ಟೆನ್ನೆಸ್ಸೀ ಟೆಕ್‌ನಂಥ ಸುಲಭ ತುತ್ತುಗಳೂ ಇದ್ದವು. ಹಾಗಾಗಿ 21.5ರಿಂದ 39.3 ಎಂಬ ಜಿಗಿತದಲ್ಲಿ ಸ್ವಲ್ಪ ಪಾಲನ್ನು ವೇಳಾಪಟ್ಟಿಯ ಖಾತೆಗೆ ಹಾಕಿ. ಆದರೆ ಅದೇ ವರ್ಷ ಎಸ್‌ಇಸಿ ತಂಡವೇ ಆದ ಮಿಸೌರಿಯ ಮೇಲೆ, ಅದೂ ಅವರ ಮೈದಾನದಲ್ಲಿ, ಟೆನ್ನೆಸ್ಸೀ 62 ಅಂಕ ಹೊಡೆಯಿತು. ಅದನ್ನು ವೇಳಾಪಟ್ಟಿಯ ಕೃಪೆ ಎನ್ನಲಾಗದು.

ಆಟದ ಪರಿಚಯ ಇಲ್ಲದವರಿಗೆ ಎರಡೇ ಸಾಲು. ಇದು ಅಮೆರಿಕನ್ ಫುಟ್‌ಬಾಲ್, ಕೈಯಲ್ಲಿ ಚೆಂಡು ಹಿಡಿದು ಆಡುವುದು. ಎರಡೂ ಕಡೆ ಹನ್ನೊಂದು ಜನ. ಚೆಂಡು ಇರುವ ತಂಡ (ಆಫೆನ್ಸ್) ನಾಲ್ಕು ಯತ್ನದಲ್ಲಿ ಹತ್ತು ಗಜ ಮುಂದೆ ಹೋಗಬೇಕು, ಹೋದರೆ ಮತ್ತೆ ನಾಲ್ಕು ಯತ್ನ. ತಡೆಯುವವರು ಡಿಫೆನ್ಸ್. ಚೆಂಡು ಹಂಚುವವನು ಕ್ವಾರ್ಟರ್‌ಬ್ಯಾಕ್. ಅವನ ಮುಂದೆ ಗೋಡೆಯಂತೆ ನಿಲ್ಲುವ ಐವರು ಲೈನ್‌ಮನ್‌ಗಳು. ಓಡಿಹೋಗಿ ಪಾಸ್ ಹಿಡಿಯುವವರು ರಿಸೀವರ್‌ಗಳು. ಚೆಂಡು ಹಿಡಿದು ಓಡುವವನು ರನ್ನಿಂಗ್ ಬ್ಯಾಕ್. ಚೆಂಡನ್ನು ಎದುರಾಳಿಯ ಗೋಲು ಗೆರೆ ದಾಟಿಸಿದರೆ ಟಚ್‌ಡೌನ್.

ಜನವರಿ 2021ರಲ್ಲಿ ಜೆರೆಮಿ ಪ್ರೂಯಿಟ್ ಅವರನ್ನು ಟೆನ್ನೆಸ್ಸೀ ವಜಾ ಮಾಡಿತು. ಕ್ರೀಡಾ ನಿರ್ದೇಶಕರಾಗಿ ಸೆಂಟ್ರಲ್ ಫ್ಲಾರಿಡಾದಿಂದ ಡ್ಯಾನಿ ವೈಟ್ ಬಂದರು. ಒಂದು ವಾರದೊಳಗೆ ಅವರು ಅಲ್ಲಿಂದಲೇ ತಮ್ಮ ಕೋಚ್ ಜಾಶ್ ಹೈಪಲ್ ಅವರನ್ನೂ ಕರೆತಂದರು. ಹೈಪಲ್ ಜೊತೆಗೆ ಅಲೆಕ್ಸ್ ಗೋಲೆಶ್ ಆಫೆನ್ಸ್ ಸಂಯೋಜಕರಾಗಿ, ಜೋಯಿ ಹಾಲ್ಜಲ್ ಕ್ವಾರ್ಟರ್‌ಬ್ಯಾಕ್‌ಗಳ ಕೋಚ್ ಆಗಿ, ಗ್ಲೆನ್ ಎಲಾರ್ಬಿ ಲೈನ್ ಕೋಚ್ ಆಗಿ ಬಂದರು. ಹೈಪಲ್ ತಾವೇ ಕ್ವಾರ್ಟರ್‌ಬ್ಯಾಕ್ ಆಗಿದ್ದವರು. 2000ದಲ್ಲಿ ಓಕ್ಲಹೋಮಾ ರಾಷ್ಟ್ರೀಯ ಚಾಂಪಿಯನ್ ಆದಾಗ ಚೆಂಡು ಅವರ ಕೈಯಲ್ಲಿತ್ತು. ಅದೇ ಓಕ್ಲಹೋಮಾ 2014ರ ಋತು ಮುಗಿದ ಮೇಲೆ ಅವರನ್ನು ಆಫೆನ್ಸ್ ಕೋಚ್ ಹುದ್ದೆಯಿಂದ ಕಳಿಸಿಬಿಟ್ಟಿತ್ತು. ಆಮೇಲೆ ಯೂಟಾ ಸ್ಟೇಟ್, ಮಿಸೌರಿ, ಸೆಂಟ್ರಲ್ ಫ್ಲಾರಿಡಾ ಸುತ್ತಿ ಬರುವಷ್ಟರಲ್ಲಿ ಅವರ ಆಟ ಬೇರೆಯೇ ಆಗಿತ್ತು. ಟೆಕ್ಸಸ್‌ನ ಬೇಲರ್ ವಿಶ್ವವಿದ್ಯಾಲಯದಲ್ಲಿ ಬೆಳೆದ, 'ವೀರ್ ಅಂಡ್ ಶೂಟ್' ಎಂದು ಕರೆಸಿಕೊಳ್ಳುವ ಪದ್ಧತಿಯನ್ನು ಅವರು ತಮ್ಮದಾಗಿಸಿಕೊಂಡಿದ್ದರು.

ಈ ಪದ್ಧತಿಯ ಮೊದಲ ಪಾಠ ಮೈದಾನದ ಅಳತೆಯಲ್ಲೇ ಇದೆ. ಮೈದಾನದ ಅಗಲ 160 ಅಡಿ, ಅಂದರೆ 53 ಗಜಕ್ಕಿಂತ ಸ್ವಲ್ಪ ಹೆಚ್ಚು. ಪ್ರತಿ ಆಟ, ಅಂದರೆ ಒಂದೊಂದು ಯತ್ನ, ಶುರುವಾಗುವಾಗ ಚೆಂಡನ್ನು ಎರಡು 'ಹ್ಯಾಶ್' ಗೆರೆಗಳ ಮೇಲೆ ಅಥವಾ ಅವುಗಳ ನಡುವೆ ಇಡಬೇಕು. ವೃತ್ತಿಪರ ಎನ್‌ಎಫ್‌ಎಲ್‌ನಲ್ಲಿ ಈ ಗೆರೆಗಳ ನಡುವಿನ ಅಂತರ ಹದಿನೆಂಟೂವರೆ ಅಡಿ ಮಾತ್ರ, ಹಾಗಾಗಿ ಚೆಂಡು ಸದಾ ನಡುಮಧ್ಯದ ಆಸುಪಾಸಿನಲ್ಲೇ ಇರುತ್ತದೆ. ಕಾಲೇಜಿನಲ್ಲಿ ಅದು 40 ಅಡಿ. ಹಿಂದಿನ ಆಟ ಒಂದು ಪಕ್ಕದಲ್ಲಿ ಮುಗಿದರೆ ಚೆಂಡು ಆ ಪಕ್ಕದ ಗೆರೆಯ ಮೇಲೆ ಕೂರುತ್ತದೆ; ಆಗ ಒಂದು ಕಡೆ 60 ಅಡಿ, ಇನ್ನೊಂದು ಕಡೆ 100 ಅಡಿ ಬಯಲು. ಆ ನೂರು ಅಡಿಯನ್ನು ಡಿಫೆನ್ಸ್ ಹೇಗಾದರೂ ಕಾಯಲೇಬೇಕು. ಎನ್‌ಎಫ್‌ಎಲ್‌ನಲ್ಲಿ ಯಾರೂ ಈ ಪದ್ಧತಿಯನ್ನು ಹೀಗೇ ಇಡಿಯಾಗಿ ಆಡದಿರುವುದಕ್ಕೆ ಈ ಹ್ಯಾಶ್ ಗೆರೆಗಳೇ ಒಂದು ದೊಡ್ಡ ಕಾರಣ ಎಂಬುದು ನನ್ನ ಲೆಕ್ಕ.

ಹೈಪಲ್ ತಂಡದ ಹೊರ ರಿಸೀವರ್‌ಗಳು ನಿಲ್ಲುವ ಜಾಗ ನೋಡಿದರೆ ಮೊದಮೊದಲು ವಿಚಿತ್ರ ಎನಿಸುತ್ತದೆ. ಬೇರೆ ತಂಡಗಳ ರಿಸೀವರ್‌ಗಳು ಮೈದಾನದ ಮೇಲೆ ಬರೆದ ಗಜದ ಅಂಕಿಗಳ ಸುತ್ತಮುತ್ತ ನಿಂತರೆ, ಇವರು ಅಂಕಿಗಳನ್ನೂ ದಾಟಿ ಪಕ್ಕದ ಗೆರೆಗೆ ಕೆಲವೇ ಗಜ ದೂರ ಹೋಗಿ ನಿಲ್ಲುತ್ತಾರೆ. ಅಲ್ಲಿ ನಿಂತವನಿಗೆ ಹೊರಕ್ಕೆ ಓಡಲು ಜಾಗವೇ ಇಲ್ಲ, ಒಂದು ದಿಕ್ಕನ್ನು ತಾನೇ ಕೈಬಿಟ್ಟಂತೆ. ಅದಕ್ಕೆ ಸಿಗುವ ಪ್ರತಿಫಲ ನಡುವೆ ಇದೆ. ಅವನನ್ನು ಕಾಯುವ ಕಾರ್ನರ್‌ಬ್ಯಾಕ್ ಅವನ ಜೊತೆಗೇ ಆಚೆ ಹೋಗಬೇಕು. ಒಳಗಿನ ರಿಸೀವರ್‌ನನ್ನು ಕಾಯುವವನು ಸಹಾಯಕ್ಕೆ ಯಾರೂ ಇಲ್ಲದ ಬಯಲಿನಲ್ಲಿ ಒಂಟಿ. ಕ್ರಿಕೆಟ್‌ನಲ್ಲಿ ಎರಡೂ ಬದಿಯ ಬೌಂಡರಿಗೆ ಫೀಲ್ಡರ್‌ಗಳನ್ನು ಕಳಿಸಿದ ಮೇಲೆ ಒಳವೃತ್ತ ಖಾಲಿಯಾಗುತ್ತದಲ್ಲ, ಹಾಗೆ. ವ್ಯತ್ಯಾಸ ಇಷ್ಟೇ: ಇಲ್ಲಿ ಫೀಲ್ಡರ್‌ಗಳನ್ನು ಬೌಂಡರಿಗೆ ಕಳಿಸುವವನು ಬ್ಯಾಟ್ಸ್‌ಮನ್.

ಈಗ ತಲೆ ಎಣಿಸಿ ನೋಡಿ. ನಾಲ್ವರು ರಿಸೀವರ್‌ಗಳು ಹೀಗೆ ಹರಡಿ ನಿಂತರೆ ಡಿಫೆನ್ಸ್‌ನ ನಾಲ್ವರು ಅವರ ಹಿಂದೆ ಹೋದರು. ಉಳಿದದ್ದು ಏಳು ಜನ. ಆಳದ ಪಾಸ್‌ಗೆ ಹೆದರಿ ಒಬ್ಬ ಸೇಫ್ಟಿಯನ್ನು, ಅಂದರೆ ಆಳ ಕಾಯುವವನನ್ನು, ಹಿಂದೆ ನಿಲ್ಲಿಸಿದರೆ ಆರು, ಇಬ್ಬರನ್ನು ನಿಲ್ಲಿಸಿದರೆ ಐದು. ಆ ಐದಾರು ಜನರೇ 'ಬಾಕ್ಸ್', ಲೈನ್‌ನ ಎದುರಿನ ಗುಂಪು. ಆಫೆನ್ಸ್‌ಗೆ ಅಲ್ಲಿ ಐವರು ಲೈನ್‌ಮನ್‌ಗಳಿದ್ದಾರೆ. ಐದಕ್ಕೆ ಐದು ಎಂದರೆ ಓಟ ಸಲೀಸು. ಆರು ಜನ ಇದ್ದರೂ ಆರನೆಯವನನ್ನು ಯಾರೂ ತಡೆಯಲು ಹೋಗುವುದಿಲ್ಲ, ಬೇಕೆಂದೇ ಬಿಟ್ಟುಬಿಡುತ್ತಾರೆ. ಕ್ವಾರ್ಟರ್‌ಬ್ಯಾಕ್ ಚೆಂಡನ್ನು ರನ್ನಿಂಗ್ ಬ್ಯಾಕ್‌ನ ಹೊಟ್ಟೆಗೆ ಒತ್ತಿಹಿಡಿದು ಆ ಆರನೆಯವನೊಬ್ಬನ ಮೇಲೇ ಕಣ್ಣಿಟ್ಟಿರುತ್ತಾನೆ. ಅವನು ಓಟಗಾರನ ಕಡೆ ನುಗ್ಗಿದರೆ ಚೆಂಡನ್ನು ಕಿತ್ತುಕೊಂಡು ಅವನು ಬಿಟ್ಟುಬಂದ ಜಾಗಕ್ಕೆ ಎಸೆಯುವುದು. ನಿಂತಲ್ಲೇ ನಿಂತರೆ ಓಟಗಾರನಿಗೇ ಕೊಡುವುದು. ಇದೇ ಆರ್‌ಪಿಒ (ರನ್-ಪಾಸ್ ಆಪ್ಷನ್). ಕಾಲೇಜು ನಿಯಮದಲ್ಲಿ ಪಾಸ್ ಎಸೆಯುವ ಹೊತ್ತಿಗೆ ಲೈನ್‌ಮನ್‌ಗಳು ಮೂರು ಗಜದವರೆಗೆ ಮುಂದೆ ಹೋಗಿರಬಹುದು, ಎನ್‌ಎಫ್‌ಎಲ್‌ನಲ್ಲಿ ಒಂದೇ ಗಜ. ಆ ಎರಡು ಗಜದ ಸಡಿಲಿಕೆಯಿಂದಾಗಿ ಡಿಫೆನ್ಸ್‌ಗೆ ಓಟ ಯಾವುದು, ಪಾಸ್ ಯಾವುದು ಎಂದು ಲೈನ್‌ಮನ್‌ಗಳ ನಡೆ ನೋಡಿ ಹೇಳಲು ಆಗುವುದಿಲ್ಲ.

ಜನ ಹೈಪಲ್ ಆಟವನ್ನು ಪಾಸ್ ಆಟ ಎಂದು ಮಾತಾಡುತ್ತಾರೆ. ನನಗೆ ಅದು ಓಟದ ಆಟ ಅನ್ನಿಸುತ್ತದೆ. 2022ರಲ್ಲಿ ಪಂದ್ಯಕ್ಕೆ ಸಿಕ್ಕ 525.5 ಗಜದಲ್ಲಿ ಸುಮಾರು 200 ಗಜ ಓಟದ್ದು. ಓಟ ತಡೆಯಲೆಂದು ಸೇಫ್ಟಿ ಒಂದೆರಡು ಹೆಜ್ಜೆ ಮುಂದೆ ಬಂದಾಗಲೇ ಅವನ ತಲೆಯ ಮೇಲಿನಿಂದ ಆ ಉದ್ದ ಪಾಸ್‌ಗಳು ಹೋಗಿದ್ದು. ಮುಂದಕ್ಕೆ ಬರುವ ಕಾರಣವೇ ಇಲ್ಲದಿದ್ದರೆ ಅವನು ಬರುವುದಿಲ್ಲ.

ಉದ್ದ ಪಾಸ್‌ನ ಒಳಗುಟ್ಟು 'ಚಾಯ್ಸ್' ಎಂಬ, ರಿಸೀವರ್‌ನ ಓಟದಲ್ಲಿದೆ. ಸಾಮಾನ್ಯವಾಗಿ ರಿಸೀವರ್ ಎಷ್ಟು ಗಜ ಓಡಿ ಯಾವ ಕಡೆ ತಿರುಗಬೇಕು ಎಂಬುದು ಮೊದಲೇ ಬರೆದಿಟ್ಟದ್ದು. ಚಾಯ್ಸ್‌ನಲ್ಲಿ ಹಾಗಿಲ್ಲ. ಒಳಗಿನ ರಿಸೀವರ್ ತನ್ನನ್ನು ಕಾಯುವವನ ಕಡೆಗೆ ನೇರ ಓಡುತ್ತಾನೆ, ಓಡುತ್ತಲೇ ಅವನ ಸೊಂಟ ನೋಡುತ್ತಾನೆ. ಅವನು ಇನ್ನೂ ಎದುರುಮುಖವಾಗಿ, ಪಾದ ಊರಿ ನಿಂತಿದ್ದರೆ ಪಕ್ಕದಿಂದ ಸೀಳಿಕೊಂಡು ಮುಂದಕ್ಕೆ. ಅವನು ಆಗಲೇ ಬೆನ್ನು ತಿರುಗಿಸಿ ಹಿಂದಕ್ಕೆ ಓಡುತ್ತಿದ್ದರೆ ಅವನ ಮುಂದೆಯೇ ನಿಂತು ತಿರುಗುವುದು. ಒಳಕ್ಕೆ ವಾಲಿದ್ದರೆ ಹೊರಕ್ಕೆ, ಹೊರಕ್ಕೆ ವಾಲಿದ್ದರೆ ಒಳಕ್ಕೆ. ಕ್ವಾರ್ಟರ್‌ಬ್ಯಾಕ್ ಕೂಡ ಅದೇ ಸೊಂಟವನ್ನು ಅದೇ ಗಳಿಗೆಯಲ್ಲಿ ಓದುತ್ತಿರಬೇಕು. ಇಬ್ಬರ ಓದು ಬೇರೆಯಾದರೆ ಚೆಂಡು ಯಾರೂ ಇಲ್ಲದ ಕಡೆ ಬೀಳುತ್ತದೆ, ಇಲ್ಲವೇ ಎದುರಾಳಿಯ ಕೈಗೆ ಹೋಗುತ್ತದೆ. ಕೂತು ನೋಡುವವರು ಕ್ವಾರ್ಟರ್‌ಬ್ಯಾಕ್‌ಗೆ ಕಣ್ಣು ಕಾಣಿಸುವುದಿಲ್ಲವೇ ಎಂದು ಬೈಯುತ್ತಾರೆ. ತಪ್ಪು ಎಷ್ಟೋ ಸಲ ರಿಸೀವರ್‌ನದ್ದಾಗಿರುತ್ತದೆ.

2022ರ ಅಕ್ಟೋಬರ್ 15ರಂದು ಅಲಬಾಮಾ ವಿರುದ್ಧ ನೋಡಿದ್ದು ಇದರ ಪಕ್ವ ರೂಪ. ರಿಸೀವರ್ ಜೇಲನ್ ಹಯಟ್ ಹಿಂದಿನ ಇಡೀ ಋತುವಿನಲ್ಲಿ ಹಿಡಿದಿದ್ದು 21 ಕ್ಯಾಚ್. ಆ ದಿನ ಆರೇ ಕ್ಯಾಚ್‌ನಲ್ಲಿ 207 ಗಜ, ಐದು ಟಚ್‌ಡೌನ್. ಅವುಗಳಲ್ಲಿ ಒಂದು 60 ಗಜದ್ದು, ಇನ್ನೊಂದು 78 ಗಜದ್ದು. ಹಯಟ್‌ನ ವೇಗ ಹಿಂದಿನ ವರ್ಷವೂ ಅಷ್ಟೇ ಇತ್ತು. ಈಗ ಅವನು ಒಳಗಿನ ಜಾಗದಲ್ಲಿ ನಿಂತು ಎದುರಾಳಿಯ ಸೇಫ್ಟಿಗಳ ಮೇಲೆ ಓಡುತ್ತಿದ್ದ. ಅವನ ಪಕ್ಕದ ಬಯಲು ಖಾಲಿ ಇತ್ತು. ಪಂದ್ಯ 49-49 ಆಗಿ, 15 ಸೆಕೆಂಡ್ ಉಳಿದಿದ್ದಾಗ ಕ್ವಾರ್ಟರ್‌ಬ್ಯಾಕ್ ಹೆಂಡನ್ ಹೂಕರ್ ಎರಡೇ ಪಾಸ್‌ನಲ್ಲಿ 45 ಗಜ ಸಾಗಿಸಿದ. ಚೇಸ್ ಮೆಗ್ರಾತ್ ಒದ್ದ 40 ಗಜದ ಫೀಲ್ಡ್ ಗೋಲ್ ಕಂಬಗಳ ನಡುವೆ ಹೇಗೋ ತೂರಿತು. 52-49. ಅದಕ್ಕೂ ಮುಂಚೆ ಟೆನ್ನೆಸ್ಸೀ ಅಲಬಾಮಾವನ್ನು ಸೋಲಿಸಿದ್ದು 2006ರಲ್ಲಿ. ಲಕ್ಷ ಜನ ಹಿಡಿಯುವ ನೇಲ್ಯಾಂಡ್ ಕ್ರೀಡಾಂಗಣದ ಗೋಲು ಕಂಬಗಳನ್ನು ಅಭಿಮಾನಿಗಳು ಕಿತ್ತು ಹೊತ್ತೊಯ್ದು ಟೆನ್ನೆಸ್ಸೀ ನದಿಗೆ ಹಾಕಿದರು.

ಹೊಸ ಕೋಚ್‌ಗಳು ನಿಜವಾಗಿ ಏನು ಮಾಡಿದರು ಎಂದು ಕೇಳಿದರೆ ನನ್ನ ಉತ್ತರ: ಕಲಿಸುವುದನ್ನು ಕಡಿಮೆ ಮಾಡಿದರು. ಕಾಲೇಜು ತಂಡದ ಸಮಯದ ಲೆಕ್ಕ ಬಹಳ ಬಿಗಿ. ವಸಂತದಲ್ಲಿ ಹದಿನೈದು ಅಭ್ಯಾಸಕ್ಕಷ್ಟೇ ಅನುಮತಿ. ಋತು ಶುರುವಾದ ಮೇಲೆ ವಾರಕ್ಕೆ 20 ಗಂಟೆ, ಅದರೊಳಗೇ ಸಭೆ, ವೀಡಿಯೊ, ಕಸರತ್ತು, ಅಭ್ಯಾಸ ಎಲ್ಲ ಮುಗಿಯಬೇಕು. ಆಟಗಾರರು ತರಗತಿಗೂ ಹೋಗಬೇಕು. ಎನ್‌ಎಫ್‌ಎಲ್ ಶೈಲಿಯ ದಪ್ಪ ಪುಸ್ತಕವನ್ನು ಇಷ್ಟರಲ್ಲಿ ಹತ್ತೊಂಬತ್ತರ ಹುಡುಗರ ತಲೆಗೆ ತುಂಬಲು ಹೊರಟರೆ ಪ್ರತಿ ಆಟವೂ ಅರ್ಧ ಗೊತ್ತಿರುತ್ತದೆ. ಹೈಪಲ್ ಪದ್ಧತಿಯಲ್ಲಿ ಓಟದ ಬಗೆಗಳು ಬೆರಳೆಣಿಕೆಯಷ್ಟು, ಪಾಸ್ ಬಗೆಗಳೂ ಹಾಗೇ. ಕ್ವಾರ್ಟರ್‌ಬ್ಯಾಕ್ ಇಡೀ ಮೈದಾನ ಓದಬೇಕಾಗಿಲ್ಲ, ಬಹುಪಾಲು ಆಟಗಳಲ್ಲಿ ಅರ್ಧ ಮೈದಾನ ಸಾಕು. ಆಚೆ ಬದಿಯ ರಿಸೀವರ್‌ಗಳ ಕಡೆ ಚೆಂಡು ಬರುವುದೇ ಇಲ್ಲವೆಂದು ಮೊದಲೇ ಗೊತ್ತು. ಅವರು ನಾಲ್ಕು ಹೆಜ್ಜೆ ಹಾಕಿ ಸುಮ್ಮನೆ ನಿಂತುಬಿಡುವುದೂ ಉಂಟು. ಟಿವಿಯಲ್ಲಿ ನೋಡುವವರಿಗೆ ಇದು ಸೋಮಾರಿತನ. ಮುಂದಿನ ಆಟ ಇನ್ನು ಹತ್ತು ಹನ್ನೆರಡು ಸೆಕೆಂಡ್‌ನಲ್ಲಿ ಶುರುವಾಗುವುದಿದ್ದರೆ, ವ್ಯರ್ಥವಾಗಿ 40 ಗಜ ಓಡಿ ವಾಪಸ್ ಬರುವವನ ಕಾಲು ಮೂರನೇ ಕ್ವಾರ್ಟರ್‌ಗೇ ಸೋಲುತ್ತದೆ.

ರಿಸೀವರ್ ಸೆಡ್ರಿಕ್ ಟಿಲ್‌ಮನ್‌ನ ಲೆಕ್ಕ ನೋಡಿದರೆ ಈ ಕಡಿತದ ಬೆಲೆ ಗೊತ್ತಾಗುತ್ತದೆ. ಹಿಂದಿನ ಮೂರು ಋತುಗಳಲ್ಲಿ ಸೇರಿಸಿ ಹತ್ತು ಕ್ಯಾಚ್ ಕೂಡ ಇಲ್ಲದಿದ್ದವನು 2021ರಲ್ಲಿ 64 ಕ್ಯಾಚ್, 1,081 ಗಜ, 12 ಟಚ್‌ಡೌನ್. ಆಟಗಾರ ಮನೆಯಲ್ಲೇ ಇದ್ದ.

ಕೋಚ್‌ಗಳನ್ನು ಮಾಂತ್ರಿಕರನ್ನಾಗಿಸುವವರಿಗೆ ಒಂದು ವಿಷಯ ನೆನಪಿಸಬೇಕು. 2021ರಲ್ಲಿ ಅವರು ಮೊದಲು ಆರಿಸಿದ ಕ್ವಾರ್ಟರ್‌ಬ್ಯಾಕ್ ಹೂಕರ್ ಅಲ್ಲ, ಮಿಶಿಗನ್‌ನಿಂದ ಬಂದಿದ್ದ ಜೋ ಮಿಲ್ಟನ್. ಎರಡನೇ ಪಂದ್ಯದಲ್ಲಿ, ಪಿಟ್ಸ್‌ಬರ್ಗ್ ಎದುರು, ಮಿಲ್ಟನ್‌ಗೆ ಪೆಟ್ಟಾಗಿದ್ದಕ್ಕೆ ಹೂಕರ್ ಒಳಗೆ ಬಂದ. ಆ ವರ್ಷ ಅವನ ಪಾಸ್‌ಗಳಲ್ಲಿ 31 ಟಚ್‌ಡೌನ್, ಮೂರೇ ಇಂಟರ್‌ಸೆಪ್ಷನ್ (ಎದುರಾಳಿ ಹಿಡಿದ ಪಾಸ್). ಮಿಲ್ಟನ್ ತೋಳಿನ ಬಲದಲ್ಲಿ ಹೂಕರ್‌ಗಿಂತ ಬಹಳ ಮುಂದಿದ್ದ. ಆದರೆ ಗೆರೆಯ ಪಕ್ಕ ಒಂಟಿಯಾಗಿ ಓಡುವವನಿಗೆ ಉದ್ದ ಪಾಸ್ ಎಸೆಯುವಾಗ ಬೇಕಾಗುವುದು ಅಳತೆ. ಎರಡು ಗಜ ಹೆಚ್ಚು ಹೋದ ಪಾಸ್ 40 ಗಜದ ಟಚ್‌ಡೌನನ್ನು ಸೊನ್ನೆ ಮಾಡುತ್ತದೆ, ಎರಡನೇ ಯತ್ನಕ್ಕೆ ಹತ್ತು ಗಜ ಬಾಕಿ.

ಇನ್ನು ವೇಗ. ಒಂದು ಆಟ ಮುಗಿದ ಮೇಲೆ ಮುಂದಿನದಕ್ಕೆ 40 ಸೆಕೆಂಡ್ ಇರುತ್ತದೆ. ಟೆನ್ನೆಸ್ಸೀ ಎಷ್ಟೋ ಸಲ ಅದರ ಅರ್ಧವನ್ನೂ ಬಳಸುತ್ತಿರಲಿಲ್ಲ. ನಿಯಮದ ಒಂದು ಮೂಲೆ ಇವರ ಕಡೆ ಇದೆ: ಆಫೆನ್ಸ್ ಆಟಗಾರರನ್ನು ಬದಲಿಸಿದರೆ ಡಿಫೆನ್ಸ್‌ಗೂ ಬದಲಿಸಲು ರೆಫರಿ ಸಮಯ ಕೊಡಬೇಕು, ಆಫೆನ್ಸ್ ಬದಲಿಸದಿದ್ದರೆ ಕೊಡಬೇಕಾಗಿಲ್ಲ. ಹಾಗಾಗಿ ಅದೇ ಹನ್ನೊಂದು ಜನರನ್ನು ಇಟ್ಟುಕೊಂಡು ಸರಸರನೆ ಆಡಿದರೆ ಎದುರಿನ 140 ಕಿಲೋ ತೂಕದ ಲೈನ್‌ಮನ್ ಏದುಸಿರು ಬಿಡುತ್ತಾ ಅಲ್ಲೇ ಸಿಕ್ಕಿಬೀಳುತ್ತಾನೆ. ವೇಗ ಅಂದರೆ ಓಡಾಟವಷ್ಟೇ ಅಲ್ಲ, ಸಣ್ಣ ಶಿಸ್ತುಗಳ ಸರಣಿ. ಕ್ಯಾಚ್ ಹಿಡಿದವನು ಸಂಭ್ರಮಿಸದೆ ಚೆಂಡನ್ನು ಹತ್ತಿರದ ಅಂಪೈರ್‌ನ ಕೈಗೇ ಕೊಡಬೇಕು, ಎಸೆಯಬಾರದು. ಲೈನ್‌ಮನ್‌ಗಳು ಚೆಂಡಿನ ಜಾಗಕ್ಕೆ ಓಡಬೇಕು, ನಡೆಯಬಾರದು. ಆಟದ ಹೆಸರು ಒಂದೇ ಕೈಸನ್ನೆಯಲ್ಲಿ ಬರಬೇಕು. ಒಬ್ಬ ತಡಮಾಡಿದರೂ ಉಳಿದ ಹತ್ತು ಜನರ ಅವಸರ ದಂಡ.

ಎದುರಾಳಿಗಳು ಇದಕ್ಕೆ ಕಂಡುಕೊಂಡ ಮದ್ದು ನೆಲಕ್ಕೆ ಬೀಳುವುದು. ಚೆಂಡು ಇಟ್ಟ ಕೂಡಲೇ ಯಾರೋ ಒಬ್ಬ ಮೊಣಕಾಲು ಹಿಡಿದು ಕೂರುತ್ತಾನೆ, ಆಟ ನಿಲ್ಲುತ್ತದೆ, ಎಲ್ಲರೂ ನೀರು ಕುಡಿಯುತ್ತಾರೆ. ನಿಜವಾದ ಗಾಯ ಯಾವುದು, ನಾಟಕ ಯಾವುದು ಎಂದು ರೆಫರಿ ಹೇಳುವುದಾದರೂ ಹೇಗೆ? 2025ರಲ್ಲಿ ನಿಯಮವನ್ನೇ ಬದಲಿಸಬೇಕಾಯಿತು: ಚೆಂಡು ಇಟ್ಟ ಮೇಲೆ ಗಾಯವೆಂದು ವೈದ್ಯಕೀಯ ಸಿಬ್ಬಂದಿ ಒಳಗೆ ಬಂದರೆ ಆ ತಂಡದ ಒಂದು ಟೈಮ್‌ಔಟ್ ಖರ್ಚು.

ವೇಗಕ್ಕೆ ತೆರಬೇಕಾದ ಬೆಲೆ ಸ್ವಂತ ಡಿಫೆನ್ಸ್‌ನ ಮೇಲೆ ಬೀಳುತ್ತದೆ. 2021ರ ನವೆಂಬರ್‌ನಲ್ಲಿ ಕೆಂಟಕಿ ವಿರುದ್ಧ ಟೆನ್ನೆಸ್ಸೀ 45-42ರಿಂದ ಗೆದ್ದಿತು. ಅರವತ್ತು ನಿಮಿಷದ ಪಂದ್ಯದಲ್ಲಿ ಚೆಂಡು ಅವರ ಬಳಿ ಇದ್ದದ್ದು 14 ನಿಮಿಷಕ್ಕಿಂತ ಕಡಿಮೆ. ಅವರು ಆಡಿದ್ದು 47 ಆಟ, ಕೆಂಟಕಿ ಆಡಿದ್ದು 99. ಟೆನ್ನೆಸ್ಸೀ ಡಿಫೆನ್ಸ್ ಆ ಸಂಜೆ ಒಂದೂವರೆ ಪಂದ್ಯದಷ್ಟು ಕೆಲಸ ಮಾಡಿತು. ಆಫೆನ್ಸ್‌ನ ಮೂರು ಯತ್ನ ವಿಫಲವಾದರೆ ಗಡಿಯಾರದಲ್ಲಿ ಒಂದು ನಿಮಿಷವೂ ಕಳೆದಿರುವುದಿಲ್ಲ. ಈಗಷ್ಟೇ ಬೆಂಚಿನ ಮೇಲೆ ಕೂತ ಡಿಫೆನ್ಸ್ ಮತ್ತೆ ಹೆಲ್ಮೆಟ್ ಹಾಕಬೇಕು. ಹೈಪಲ್ ತಂಡಗಳ ಡಿಫೆನ್ಸ್ ಅಂಕಿಗಳನ್ನು ಬೈಯುವ ಮುಂಚೆ ಎದುರಾಳಿ ಎಷ್ಟು ಆಟ ಆಡಿದ್ದಾನೆ ಎಂದು ನೋಡಬೇಕು.

ಇನ್ನೊಂದು ಎಡವಟ್ಟು ಲೈನ್‌ನದ್ದು. ಆಳದ ಓಟಕ್ಕೆ ಸಮಯ ಬೇಕು, ಕ್ವಾರ್ಟರ್‌ಬ್ಯಾಕ್ ಕಾಯಬೇಕು. ಕಾಯುವಾಗ ಹೊಡೆತ ಬೀಳುತ್ತದೆ. 2021ರಲ್ಲಿ ಟೆನ್ನೆಸ್ಸೀ ಕ್ವಾರ್ಟರ್‌ಬ್ಯಾಕ್‌ಗಳು 40ಕ್ಕೂ ಹೆಚ್ಚು ಸಲ ಚೆಂಡಿನ ಸಮೇತ ನೆಲಕ್ಕುರುಳಿದ್ದರು. ಗೋಲು ಗೆರೆಯ ಹತ್ತಿರ ಬಂದಾಗ ತೊಂದರೆ ಬೇರೆ ಥರದ್ದು: ಅಗಲ ಹಾಗೇ ಇರುತ್ತದೆ, ಆಳ ಇರುವುದಿಲ್ಲ. ಹಿಂದೆ ಓಡುವ ಭಯವಿಲ್ಲದ ಸೇಫ್ಟಿ ಧೈರ್ಯವಾಗಿ ಮುಂದೆ ನಿಲ್ಲುತ್ತಾನೆ.

ಈ ಎಲ್ಲ ಬಿರುಕುಗಳನ್ನೂ ಒಂದೇ ಮಧ್ಯಾಹ್ನ ತೋರಿಸಿಕೊಟ್ಟಿದ್ದು ಜಾರ್ಜಿಯಾ, 2022ರ ನವೆಂಬರ್ 5ರಂದು. ಜಾರ್ಜಿಯಾ ಕೋಚ್ ಕರ್ಬಿ ಸ್ಮಾರ್ಟ್ ಉಪಾಯದಲ್ಲಿ ಗಣಿತದ ಚಮತ್ಕಾರವೇನೂ ಇರಲಿಲ್ಲ. ತನ್ನ ಕಾರ್ನರ್‌ಬ್ಯಾಕ್‌ಗಳು ಸಹಾಯವಿಲ್ಲದೆ ಒಂಟಿಯಾಗಿ ನಿಭಾಯಿಸಬಲ್ಲರು ಎಂದು ನಂಬಿದ. ಜೇಲನ್ ಕಾರ್ಟರ್‌ನಂಥವರಿದ್ದ ಮುಂಚೂಣಿ ಹೂಕರ್‌ಗೆ ಕಾಯಲು ಬಿಡಲಿಲ್ಲ. ಅದರ ಮೇಲೆ ಸ್ಯಾನ್‌ಫರ್ಡ್ ಕ್ರೀಡಾಂಗಣದ ಗದ್ದಲ. ಗದ್ದಲದಲ್ಲಿ ಕ್ವಾರ್ಟರ್‌ಬ್ಯಾಕ್‌ನ ಕೂಗು ಲೈನ್‌ಮನ್‌ಗೆ ಕೇಳುವುದಿಲ್ಲ, ಚೆಂಡು ಕದಲುವ ಮುಂಚೆ ಲೈನ್‌ಮನ್ ಕದಲಿದರೆ ಐದು ಗಜ ದಂಡ. ಟೆನ್ನೆಸ್ಸೀ ಆ ದಂಡವನ್ನು ಮತ್ತೆ ಮತ್ತೆ ತೆತ್ತಿತು. ಮೌನ ಸನ್ನೆಗೆ ಇಳಿದರೆ ವೇಗ ಹೋಗುತ್ತದೆ. ವೇಗ ಹೋದರೆ ಎದುರಾಳಿಗೆ ಉಸಿರು ಬರುತ್ತದೆ. 27-13. ಅದೇ ತಿಂಗಳು ಸೌತ್ ಕೆರೊಲೈನಾದಲ್ಲಿ ತಂಡ 63-38ರಿಂದ ಸೋತಿತು, ಹೂಕರ್‌ನ ಮೊಣಕಾಲಿನ ಅಸ್ಥಿರಜ್ಜು ಹರಿಯಿತು. ಋತು ಮುಗಿದಾಗ ಹನ್ನೊಂದು ಗೆಲುವು, ಎರಡು ಸೋಲು.

2023ರಲ್ಲಿ ಗೋಲೆಶ್ ಸೌತ್ ಫ್ಲಾರಿಡಾದ ಮುಖ್ಯ ಕೋಚ್ ಆಗಿ ಹೋಗಿದ್ದರು, ಹಯಟ್ ಮತ್ತು ಟಿಲ್‌ಮನ್ ಎನ್‌ಎಫ್‌ಎಲ್‌ಗೆ. ಸರಾಸರಿ 31.8ಕ್ಕೆ ಇಳಿಯಿತು. ನಿಯಮವೂ ತಿರುಗಿ ಬಿತ್ತು: ಅದುವರೆಗೆ ಪ್ರತಿ ಹತ್ತು ಗಜ ದಾಟಿದಾಗ ನಿಲ್ಲುತ್ತಿದ್ದ ಗಡಿಯಾರ, ಆ ವರ್ಷದಿಂದ ಪಂದ್ಯದ ಪ್ರತಿ ಅರ್ಧದ ಕೊನೆಯ ಎರಡು ನಿಮಿಷ ಬಿಟ್ಟು ಉಳಿದಂತೆ ಓಡುತ್ತಲೇ ಇರತೊಡಗಿತು. 2024ರಲ್ಲಿ ಭಾರವೆಲ್ಲ ಓಟದ ಮೇಲೆ ಬಿತ್ತು. ಡಿಲನ್ ಸ್ಯಾಂಪ್ಸನ್ 1,491 ಗಜ ಓಡಿ 22 ಟಚ್‌ಡೌನ್ ಗಳಿಸಿದ, ತಂಡ ಪ್ಲೇಆಫ್ ತಲುಪಿತು, ಅಲ್ಲಿ ಒಹಾಯೊ ಸ್ಟೇಟ್ 42-17ರಿಂದ ಮನೆಗೆ ಕಳಿಸಿತು. ರಿಸೀವರ್‌ಗಳು ಆಗಲೂ ಅದೇ ಗೆರೆಯ ಪಕ್ಕ ನಿಂತಿದ್ದರು. ಎದುರಾಳಿಗಳು ಅಷ್ಟು ಹೊತ್ತಿಗೆ ಸೇಫ್ಟಿಗಳನ್ನು ಆಳದಲ್ಲೇ ನಿಲ್ಲಿಸಿ, ಓಟದಲ್ಲಿ ನಾಲ್ಕೈದು ಗಜ ಹೋದರೆ ಹೋಗಲಿ ಎನ್ನುವುದನ್ನು ಕಲಿತಿದ್ದರು.

ಅದೇ 2024ರಲ್ಲಿ ಇನ್ನೊಂದು ಬದಲಾವಣೆ ಬಂತು, ಅದರ ಬಗ್ಗೆ ಆಗಬೇಕಾದಷ್ಟು ಮಾತು ಆಗಿಲ್ಲ ಅನ್ನಿಸುತ್ತದೆ. ಎರಡೂ ಕಡೆ ತಲಾ ಒಬ್ಬ ಆಟಗಾರನ ಹೆಲ್ಮೆಟ್‌ನಲ್ಲಿ ರೇಡಿಯೊ ಇಡಲು ಅನುಮತಿ ಸಿಕ್ಕಿತು. ಪ್ರತಿ ಆಟಕ್ಕೆ ಸಿಗುವ 40 ಸೆಕೆಂಡ್‌ನಲ್ಲಿ 15 ಸೆಕೆಂಡ್ ಉಳಿದಾಗ ಅಥವಾ ಚೆಂಡು ಕದಲಿದಾಗ, ಯಾವುದು ಮೊದಲೋ ಆಗ, ಆ ದನಿ ಬಂದ್. ನಿಧಾನಕ್ಕೆ ಆಡುವ ತಂಡದ ಕೋಚ್‌ಗೆ ಡಿಫೆನ್ಸ್ ಕೊನೆಗೆ ಹೇಗೆ ನಿಂತಿತು ಎಂದು ಕಾಣುವಷ್ಟರಲ್ಲಿ ಮೈಕ್ ಸತ್ತಿರುತ್ತದೆ. 20 ಸೆಕೆಂಡ್ ಬಾಕಿ ಇರುವಾಗಲೇ ಚೆಂಡು ಎತ್ತುವ ತಂಡದ ಕೋಚ್ ಮಾತ್ರ ಕೊನೆಯ ಗಳಿಗೆಯವರೆಗೂ ಕ್ವಾರ್ಟರ್‌ಬ್ಯಾಕ್‌ನ ಕಿವಿಯಲ್ಲಿ ಮಾತಾಡುತ್ತಿರಬಹುದು: ಎಡಗಡೆ ಸೇಫ್ಟಿ ಮುಂದೆ ಬಂದ, ಚಾಯ್ಸ್ ಎಸೆ. ಎದುರಿನ ಡಿಫೆನ್ಸ್‌ನಲ್ಲಿ ರೇಡಿಯೊ ಇರುವ ಲೈನ್‌ಬ್ಯಾಕರ್‌ನ ಕಿವಿಯಲ್ಲೂ ಅದೇ ಹೊತ್ತಿಗೆ ಒಬ್ಬ ಕೋಚ್ ಇರುತ್ತಾನೆ. ಆದರೆ ಅವನು ಹೇಳಿದ್ದು ನೂರು ಅಡಿ ಆಚೆ ಒಂಟಿಯಾಗಿ ನಿಂತ ಕಾರ್ನರ್‌ಬ್ಯಾಕ್‌ನನ್ನು ಮುಟ್ಟಲು ಈಗಲೂ ಕೈಸನ್ನೆಯೇ ಬೇಕು.